ದ್ರಾಕ್ಷಿ ತೋಟದ ಕವಾಯತು

ದ್ರಾಕ್ಷಿ ಬಳ್ಳಿಗೆ ನೀರು ಹಾಯಿಸಿದವರನ್ನು ನೀವು ನೋಡಿರುತ್ತೀರಿ. ಗೊಬ್ಬರ ಹಾಕಿದವರನ್ನು ನೋಡಿರುತ್ತೀರಿ. ಔಷಧಿ ಹೊಡೆಯುವವರನ್ನಂತೂ ಧಾರಾಳವಾಗಿ ನೋಡಿರುತ್ತೀರಿ. ಆದರೆ ದ್ರಾಕ್ಷಿ ಬಳ್ಳಿಗೆ ಬೆಳಿಗ್ಗೆ ಸಂಜೆ ಸೀಟಿ ಊದಿ ಡ್ರಿಲ್ ಮಾಡಿಸಿದವರನ್ನು ನೋಡಿದ್ದೀರಾ? ಇಲ್ಲ ತಾನೇ! ಹಾಗಾದರೆ ನೀವು ನಮ್ಮ ಭಾವನವರನ್ನು ನೋಡಿಲ್ಲ. ಇಡೀ ಪ್ರಪಂಚದಲ್ಲಿ ಈ ಕೆಲಸ ಮಾಡಿದವರು ಅವರೊಬ್ಬರೇ ಎಂದು ನಾನು ಯಾವ ದೇವಸ್ಥಾನದಲ್ಲಿ ಬೇಕಾದರೂ ಕರ್ಪೂರ ಹಚ್ಚಿ ಹೇಳಬಲ್ಲೆ. ಅವರ ಹಿಂದೆ ಲೆಫ್ಟ್ ರೈಟ್ ಹಾಕಿಕೊಂಡು ನಾನೂ ಹೋಗಿದ್ದೆ, ನಿಜ. ಆದರೆ ಭಾಮೈದನನ್ನು ಯಾರಾದರೂ ಲೆಕ್ಕಕ್ಕೆ ಹಿಡಿದದ್ದುಂಟೆ?

ಭಾವ ಅಂದರೆ ನಮ್ಮ ಅಕ್ಕನ ಗಂಡ. ತಮಿಳುನಾಡಿನ ಗಡಿಯೊಳಗಿರುವ ಡೆಂಕಣಿಕೋಟೆ ಕಡೆಯ ಒಂದು ಕನ್ನಡ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಡ್ರಿಲ್ ಮೇಷ್ಟ್ರ ಪಾಡು ನಿಮಗೆ ಗೊತ್ತಿರಬೇಕು. ಪರೀಕ್ಷೆ ಹತ್ತಿರ ಬಂತು, ನಿಮ್ಮ ಪೀರಿಯಡ್ ಕೊಡಿ ಎಂದು ಲೆಕ್ಕದ ಮೇಷ್ಟ್ರು ಬರುತ್ತಾರೆ. ಪರೀಕ್ಷೆ ಮುಗಿದ ಮೇಲೆ, ಪಾಠ ಉಳಿದುಬಿಟ್ಟಿದೆ ಎಂದು ವಿಜ್ಞಾನದ ಟೀಚರ್ ಬರುತ್ತಾರೆ. ಯಾರೂ ಬರಲಿಲ್ಲವೆಂದರೆ ಮಳೆ ಬರುತ್ತದೆ! ಹೀಗೆ ಸರ್ವಿಸ್ ಪೂರ್ತಿ ಮನಸಾರೆ ಡ್ರಿಲ್ ಮಾಡಿಸಲು ಸಿಗದ ಮನುಷ್ಯನಿಗೆ, ಓಡಿಹೋಗದ, ಲೆಕ್ಕದ ಮೇಷ್ಟ್ರು ಕರೆದುಕೊಂಡು ಹೋಗಲಾಗದ, ಸಾಲಾಗಿ ನಿಂತೇ ಇರುವ ಶಿಷ್ಯರು ಸಿಕ್ಕಿದರೆ ಏನಾಗಬಹುದು? ಅದೇ ಆಯಿತು.

ನಾವು ನಾಲ್ಕು ಜನ ಸ್ನೇಹಿತರು. ನಾನು, ಸೆಲ್ವಂ ಹೊಸೂರಿನ ಒಂದೇ ಕಾರ್ಖಾನೆಯಲ್ಲಿ ಒಂದೇ ಶಿಫ್ಟಿನಲ್ಲಿ ದುಡಿದವರು. ಮುನಿರಾಜು ಉದ್ದನಪಲ್ಲಿಯ ಟೊಮೇಟೊ ಬೆಳೆಗಾರ, ನನ್ನ ಜೊತೆ ಚಡ್ಡಿ ಹಾಕಿಕೊಂಡು ಓಡಾಡಿದವನು. ನಾಲ್ಕನೆಯವರು ಭಾವ. ಭಾವನನ್ನು ಸ್ನೇಹಿತರ ಪಟ್ಟಿಗೆ ಸೇರಿಸಬಹುದೇ ಎಂದು ಕೇಳಬೇಡಿ. ಸೇರಿಸದಿದ್ದರೆ ಅವರು ಬಿಡುವವರಲ್ಲ! ಡೆಂಕಣಿಕೋಟೆ ದಾಟಿ ಅಂಚೆಟ್ಟಿ ರಸ್ತೆಯಲ್ಲಿ ಹೋಗುವಾಗ ಎಡಗಡೆಗೆ ಬೆಟ್ಟದ ಇಳಿಜಾರಿನಲ್ಲಿ ಸ್ವಲ್ಪ ಹೊಲವಿತ್ತು. ರಾಗಿ, ಹುರುಳಿ ಬಿಟ್ಟು ಬೇರೆ ಬೆಳೆಯ ಮುಖ ಕಾಣದ ನೆಲ. ನಾಲ್ವರೂ ಸೇರಿ ಅದನ್ನು ಕೊಂಡೆವು.

ಏನು ಬೆಳೆಯುವುದು ಎಂಬ ಪ್ರಶ್ನೆ ಎದ್ದಾಗ ಮುನಿರಾಜು ಟೊಮೇಟೊ ಅಂದ. ಸೆಲ್ವಂ, "ಕೃಷ್ಣಗಿರಿ ಜಿಲ್ಲೆ ಅಂದ್ರೇನೇ ಮಾವು" ಅಂದ. ನಾನು ರಾಗಿಯೇ ಇರಲಿ ಅಂದೆ. ಭಾವ ನಮ್ಮ ಮೂವರನ್ನೂ, ಶೂ ಲೇಸು ಕಟ್ಟಿಕೊಳ್ಳದೆ ಮೈದಾನಕ್ಕೆ ಬಂದ ಹುಡುಗರನ್ನು ನೋಡುವ ಹಾಗೆ ನೋಡಿದರು.

"ರಾಗಿ ಬೆಳ್ದೋನ್ನ ಯಾವನ್ಲಾ ತಿರುಗಿ ನೋಡ್ತಾನೆ? ಮಾವು ಬೀದಿ ಬೀದೀಲಿ ಐತೆ. ಟೊಮೇಟೊನ ಜನ ರಸ್ತೆಗೆ ಸುರಿದು ಹೋಗ್ತಾವ್ರೆ. ಈ ಬೆಟ್ಟದ ಮ್ಯಾಲೆ ದ್ರಾಕ್ಷಿ ಬೆಳೆಯಾಣ ಕಣ್ಲಾ! ಆಗ ನೋಡು, ಅಂಚೆಟ್ಟಿ ಬಸ್ಸು ನಿಲ್ಸಿ ನೋಡ್ತಾರೆ!"

ಬಸ್ಸು ನಿಂತದ್ದೇನೋ ನಿಜ. ಯಾಕೆ ನಿಂತಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಸಸಿ ನೆಡುವ ದಿನವೇ ಭಾವನ ವಿದ್ಯೆ ಹೊರಬಿತ್ತು. ಸಸಿಗಳನ್ನು ಗಾಡಿಯಿಂದ ಇಳಿಸಿ ಗುಂಡಿಗಳ ಹತ್ತಿರ ಇಡುತ್ತಿದ್ದೆವು. ಸೀಟಿ ಕೇಳಿಸಿತು. ಎಲ್ಲರೂ ನಿಂತೆವು. ಎತ್ತರದ ಪ್ರಕಾರ ನೆಡಬೇಕಂತೆ! ಕುಳ್ಳಗಿರುವವು ಮುಂದೆ, ಉದ್ದಗಿರುವವು ಹಿಂದೆ, ಬೆಳಗಿನ ಪ್ರಾರ್ಥನೆಗೆ ನಿಂತ ಹಾಗೆ. ಮಧ್ಯಾಹ್ನದವರೆಗೆ ನಾವು ಸಸಿಗಳನ್ನು ಒಂದರ ಪಕ್ಕ ಒಂದು ಹಿಡಿದು ಅಳೆದೆವು. ಮುನಿರಾಜು ಬೆವರು ಒರೆಸಿಕೊಂಡು, "ಮೇಷ್ಟ್ರೇ, ಬೆಳೆದ ಮ್ಯಾಲೆ ಮುಂದಿಂದೇ ಎತ್ರ ಆಗೋದ್ರೆ?" ಎಂದು ಕೇಳಿದ.

"ಆಗಲ್ಲ. ಶಿಸ್ತು ಅನ್ನೋದು ಒಂದೈತೆ" ಎಂದರು ಭಾವ.

ಮುಂದಿನ ಸಾಲಿನ ಮೊದಲನೆಯ ಬಳ್ಳಿ ಶಿಸ್ತಿನ ಮಾತು ಕೇಳಿಸಿಕೊಳ್ಳಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಎಲ್ಲವನ್ನೂ ಮೀರಿಸಿ, ಬಳ್ಳಿ ಹಬ್ಬಿಸಲು ಕಲ್ಲುಕಂಬಗಳಿಗೆ ಎಳೆದಿದ್ದ ತಂತಿ ಮುಟ್ಟಿತು. ಭಾವ ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಕೊನೆಗೆ, "ಇದು ತುದಿಗಾಲಲ್ಲಿ ನಿಂತೈತೆ ಕಣ್ಲಾ, ಮೋಸ" ಎಂದು ತೀರ್ಪು ಕೊಟ್ಟು ಮುಂದಕ್ಕೆ ಹೋದರು. ಆದರೂ ಒಂದು ಮಾತು ಹೇಳಬೇಕು. ಅಷ್ಟು ನೇರವಾದ ಸಾಲುಗಳನ್ನು ನಾನು ಬೇರೆ ಯಾವ ತೋಟದಲ್ಲೂ ಕಂಡಿಲ್ಲ. ಈ ತುದಿಯ ಕಲ್ಲುಕಂಬದ ಹಿಂದೆ ನಿಂತು ಒಂದು ಕಣ್ಣು ಮುಚ್ಚಿ ನೋಡಿದರೆ ಆ ತುದಿಯವರೆಗೆ ಇನ್ನೊಂದು ಕಂಬ ಕಾಣಿಸದು. ಕಾರ್ಖಾನೆಯಲ್ಲಿ ಕೂದಲೆಳೆಯ ಅಳತೆಗೆ ಕಬ್ಬಿಣ ಕಡೆದವನು ನಾನು, ನನಗೇ ಹೆಮ್ಮೆಯಾಗುತ್ತಿತ್ತು.

ಈಗ ಮುಖ್ಯ ಕಥೆಗೆ ಬರುತ್ತೇನೆ. ಬಳ್ಳಿಗಳು ತಂತಿ ಹತ್ತಿದ ಮೇಲೆ ತೋಟಗಾರಿಕೆಯವರನ್ನು ಒಮ್ಮೆ ಕರೆಸಿದೆವು. ಬಂದವರು ಒಬ್ಬ ಯುವ ಅಧಿಕಾರಿ, ಒಳ್ಳೆಯ ಹುಡುಗ, ಧರ್ಮಪುರಿ ಕಡೆಯವರು. ಅವರಿಗೆ ತಮಿಳು ಬಿಟ್ಟು ಬೇರೆ ಬಾರದು. ಅವತ್ತು ತಮಿಳು ಮನೆಮಾತಿನ ಸೆಲ್ವಂ ಊರಲ್ಲಿರಲಿಲ್ಲ, ಮುನಿರಾಜು ಮಾರುಕಟ್ಟೆಗೆ ಹೋಗಿದ್ದ. ಇದ್ದವರು ನಾನು, ಭಾವ. ನನ್ನ ತಮಿಳು ಕಾರ್ಖಾನೆಯ ತಮಿಳು, ನಟ್ಟು, ಬೋಲ್ಟು, ಊಟ, ರಜಾ ಇಷ್ಟಕ್ಕೆ ಸಾಕಾಗುವಂಥದ್ದು. ಭಾವನ ತಮಿಳು ಚೆನ್ನಾಗಿದೆ. ಆದರೆ ಅದೂ ಮೈದಾನದಲ್ಲಿ ಕಲಿತದ್ದು. ಅನಾಹುತ ಆದದ್ದೇ ಅಲ್ಲಿ.

ಅಧಿಕಾರಿ ಬಳ್ಳಿಗಳನ್ನೆಲ್ಲ ನೋಡಿ ಸಂತೋಷಪಟ್ಟರು. ಹೊರಡುವಾಗ ಬೈಕ್ ಹತ್ತಿ, "ಕವಾತ್ತು ಪಣ್ಣಾಮ ಇರುಂದಾ ಕಾಯ್ ವರಾದು ಸಾರ್. ವರುಷತ್ತುಕ್ಕು ರೆಂಡು ತಡವೆ ಕವಾತ್ತು ಪಣ್ಣಣುಂ" ಅಂದರು. ಅಂದರೆ, ಕವಾತ್ತು ಮಾಡದಿದ್ದರೆ ಕಾಯಿ ಬರುವುದಿಲ್ಲ, ವರ್ಷಕ್ಕೆ ಎರಡು ಸಲ ಕವಾತ್ತು ಮಾಡಲೇಬೇಕು.

ಕವಾತ್ತು! ಭಾವನ ಕಿವಿ ನೆಟ್ಟಗಾಯಿತು. ಅವರಿಗೆ ಗೊತ್ತಿದ್ದ ಕವಾತ್ತು ಒಂದೇ. ನಾವು ಕನ್ನಡದಲ್ಲಿ ಕವಾಯತು ಅನ್ನುತ್ತೇವಲ್ಲ, ಅದೇ. ಹಳೆಯ ತಮಿಳು ಮೇಷ್ಟ್ರುಗಳು ಡ್ರಿಲ್ಲಿಗೆ ಕವಾತ್ತು ಎಂದೇ ಹೇಳುವುದನ್ನು ಅವರು ಜೀವಮಾನವಿಡೀ ಕೇಳಿದ್ದರು. ನನಗೂ ಅದೇ ಅರ್ಥವಾಯಿತು ಅಂದರೆ ನಗಬೇಡಿ. ಸರ್ಕಾರದವರು ಬಂದು, ಬೈಕ್ ಸ್ಟಾರ್ಟ್ ಮಾಡಿಕೊಂಡು ಹೇಳಿದ ಮಾತನ್ನು ಯಾರಾದರೂ ಅಡ್ಡ ನಿಲ್ಲಿಸಿ ಪ್ರಶ್ನೆ ಮಾಡುತ್ತಾರೆಯೇ?

"ಕೇಳ್ದಾ?" ಎಂದರು ಭಾವ. ಅವರ ಕಣ್ಣು ಒದ್ದೆಯಾಗಿತ್ತು. "ಕೇಳಿದ್ಯೇನ್ಲಾ ಭಾಮೈದ? ಕವಾಯತು ಮಾಡಿಸ್ದಿದ್ರೆ ಕಾಯೇ ಬರಲ್ವಂತೆ! ಮನುಷ್ಯರ ಮಕ್ಳಿಗೆ ಬ್ಯಾಡವಾಯ್ತು, ದ್ರಾಕ್ಷಿಗೆ ಬೇಕು!"

"ವರ್ಷಕ್ಕೆ ಎರಡು ಸಲ ಅಂದ್ರು ಭಾವ."

"ಅದು ಸರ್ಕಾರದ ಲೆಕ್ಕ. ನಾವು ದಿನಕ್ಕೆರಡು ಸಲ ಮಾಡ್ಸಾಣ."

ಮರುದಿನವೇ ಶುರು. ಬೆಳಿಗ್ಗೆ ಬಿಳಿ ಪ್ಯಾಂಟು, ಬಿಳಿ ಶೂ, ಕೊರಳಲ್ಲಿ ಸೀಟಿ. ಮೊದಲನೆಯ ಸಾಲಿನ ಮುಂದೆ ನಿಂತು "ಅಟೆನ್ಷನ್!" ಎಂದರೆ ಎದುರಿನ ಬೆಟ್ಟ ತಿರುಗಿ "ಷನ್" ಅನ್ನುತ್ತಿತ್ತು. ಬಳ್ಳಿಗಳು ಹೇಗೂ ಅಟೆನ್ಷನ್ನಿನಲ್ಲೇ ಇದ್ದವು. ಗಾಳಿ ಬೀಸಿದಾಗ ಎಲೆಗಳು ಅಲ್ಲಾಡಿದರೆ "ಸ್ಟ್ಯಾಂಡಟೀಸ್!" ಎನ್ನುತ್ತಿದ್ದರು, ಅಪ್ಪಣೆ ಕೊಟ್ಟದ್ದಕ್ಕೇ ಅವು ಅಲ್ಲಾಡಿದ ಹಾಗೆ. ಆಮೇಲೆ ಪ್ರತಿ ಸಾಲಿನ ನಡುವೆ ಲೆಫ್ಟ್ ರೈಟ್, ಲೆಫ್ಟ್ ರೈಟ್. ಸೊಂಟ ಬಗ್ಗಿದ ಬಳ್ಳಿಯನ್ನು ಎತ್ತಿ ಕಟ್ಟುವುದು, ಹುಳ ಬಿದ್ದ ಎಲೆಯನ್ನು ಕಿತ್ತು ಜೇಬಿಗೆ ಹಾಕಿಕೊಳ್ಳುವುದು, ಮತ್ತೆ ಲೆಫ್ಟ್ ರೈಟ್. ಅಕ್ಕ ಒಂದು ದಿನ ಬಂದು ನೋಡಿ, "ಮದುವೆ ಆದಾಗಿಂದ ಮಾತಾಡ್ತಾನೇ ಇವ್ನಿ, ನನ್ ಮಾತಿಗೆ ಒಂದಿನ ಅಟೆನ್ಷನ್ ಇಲ್ಲ. ಗಿಡಕ್ಕೆ ನೋಡು!" ಎಂದು ಸೆರಗು ಸಿಕ್ಕಿಸಿಕೊಂಡು ವಾಪಸು ಹೋದಳು.

ಭಾನುವಾರ ನಾವು ಪಾಲುದಾರರೂ ಹಿಂದೆ ಹೋಗಬೇಕು. ಮುಂದೆ ಭಾವ, ಹಿಂದೆ ನಾನು, ನನ್ನ ಹಿಂದೆ ಸೆಲ್ವಂ, ಕೊನೆಯಲ್ಲಿ ಹೊಟ್ಟೆ ಹೊತ್ತುಕೊಂಡು ಮುನಿರಾಜು. ಅಂಚೆಟ್ಟಿ ಕಡೆಗೆ ಬಸ್ಸುಗಳು ಅಪರೂಪ. ಕೈ ಅಡ್ಡ ಹಾಕಿದರೂ ನಿಲ್ಲದ ಬಸ್ಸು ನಮ್ಮ ತೋಟದ ಮುಂದೆ ತಾನಾಗಿ ನಿಲ್ಲತೊಡಗಿತು! ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಕಂಡಕ್ಟರು ಒಂದು ಭಾನುವಾರ ಇಳಿದು ಬಂದು ಸೆಲ್ಯೂಟ್ ಹೊಡೆದು ಹೋದರು. ಭಾವ ನನ್ನ ಕಡೆ ತಿರುಗಿ, "ನಾನ್ ಹೇಳಿರ್ಲಿಲ್ವಾ?" ಎಂದರು.

ಇದರ ನಡುವೆ ಆನೆಯೊಂದು ಬಂದು ಭಾವನ ಮಾತಿಗೆ ಸಾಕ್ಷಿ ಹೇಳಿ ಹೋಯಿತು. ಡೆಂಕಣಿಕೋಟೆ ಕಾಡಂಚಿನಲ್ಲಿ ಆನೆ ಬರುವುದು ನೆಂಟರು ಬಂದಷ್ಟೇ ಸಹಜ. ಒಂದು ಬೆಳಿಗ್ಗೆ ಹೋಗಿ ನೋಡಿದರೆ ತೋಟದ ತುಂಬ ಮೊರದಗಲದ ಹೆಜ್ಜೆಗಳು. ಆದರೆ ಒಂದು ಬಳ್ಳಿಯೂ ಮುರಿದಿರಲಿಲ್ಲ. ಎರಡು ಸಾಲಿನ ನಡುವೆ ನೆಟ್ಟಗೆ ಈ ಕಡೆಯಿಂದ ಹೊಕ್ಕು ನೆಟ್ಟಗೆ ಆ ಕಡೆಗೆ ಹೋಗಿತ್ತು. ಪಕ್ಕದ ಹೊಲದವರ ಹಲಸಿನ ವಾಸನೆ ಹಿಡಿದು ಹೊರಟಿದ್ದ ಆನೆಗೆ ನಮ್ಮ ಹುಳಿ ಎಲೆ ಯಾಕೆ ಬೇಕು? ಭಾವ ಮಾತ್ರ ಹೆಜ್ಜೆಗಳ ಪಕ್ಕ ಕೂತು, ಬೆರಳು ತೋರಿಸಿ, "ನೋಡ್ಲಾ, ಕಾಡಾನೆ ಕೂಡ ಲೈನಲ್ಲಿ ಹೋಗೈತೆ. ಲೆಫ್ಟ್, ರೈಟ್, ಲೆಫ್ಟ್, ರೈಟ್. ನಿಮ್ಗೇ ಇನ್ನೂ ಬರಲ್ಲ!" ಎಂದು ನಮ್ಮನ್ನು ಹೀಯಾಳಿಸಿದರು.

ವರ್ಷ ಕಳೆಯಿತು. ಎಲೆಗಳೋ ಎಲೆಗಳು! ಹಸಿರಿನ ಮೇಲೆ ಹಸಿರು, ಬೇಲಿಯಾಚೆ ಮೇಕೆಗಳು ನಿಂತು ಜೊಲ್ಲು ಸುರಿಸುವಷ್ಟು. ಕಾಯಿ? ಅಲ್ಲೊಂದು ಇಲ್ಲೊಂದು ಗೊಂಚಲು, ಕಾಳುಮೆಣಸಿನ ಗಾತ್ರ. ಮುನಿರಾಜು ಬಾಯಿಗೆ ಹಾಕಿಕೊಂಡು ಒಂದು ಕಣ್ಣು ಮುಚ್ಚಿದವನು ಸಂಜೆಯವರೆಗೆ ತೆರೆಯಲಿಲ್ಲ. ಇದೇಕೆ ಹೀಗೆ ಎಂದು ಮತ್ತೆ ಆ ಅಧಿಕಾರಿಯನ್ನು ಕರೆಸಿದೆವು. ಈ ಸಲ ನಾಲ್ವರೂ ಇದ್ದೆವು. ಅಧಿಕಾರಿ ಆ ಎಲೆಯ ಕಾಡಿನೊಳಗೆ ತಲೆ ಹಾಕಿ ಹೊರಗೆ ತೆಗೆದು, "ಕವಾತ್ತು ಪಣ್ಣೀಂಗಳಾ ಇಲ್ಲೈಯಾ?" ಅಂದರು, ಕವಾತ್ತು ಮಾಡಿದಿರೋ ಇಲ್ಲವೋ ಎಂದು.

ಭಾವ ಎದೆಯುಬ್ಬಿಸಿದರು. "ಡೈಲಿ! ಕಾಲೈಲ ಒರು ತಡವೆ, ಸಾಯಂಗಾಲಂ ಒರು ತಡವೆ!"

ಅಧಿಕಾರಿಯ ಮುಖ ಬಿಳುಚಿಕೊಂಡಿತು. ದಿನಕ್ಕೆ ಎರಡು ಸಲವೇ? ಗಿಡ ಇನ್ನೂ ಜೀವಂತ ಇದೆಯೇ? ಯಾವುದರಿಂದ ಮಾಡುತ್ತೀರಿ?

"ವಿಸಿಲ್!" ಎಂದು ಭಾವ ಕೊರಳಿನ ಸೀಟಿ ಎತ್ತಿ ತೋರಿಸಿದರು.

ಸೆಲ್ವಂ ಮೊದಲು ಕಲ್ಲುಕಂಬ ಹಿಡಿದುಕೊಂಡ. ಆಮೇಲೆ ಕೂತ. ಆಮೇಲೆ ಮಲಗಿಯೇಬಿಟ್ಟ. ನಗುವಿನ ನಡುವೆ ಉಸಿರು ಸಿಕ್ಕಾಗಲೆಲ್ಲ ಒಂದೊಂದೇ ಮಾತು ಹೊರಗೆ ಬಂತು. "ಮೇಷ್ಟ್ರೇ... ಕವಾತ್ತು ಅಂದ್ರೆ... ಕೊಂಬೆ ಕತ್ರಿಸೋದು ಮೇಷ್ಟ್ರೇ!"

ತಮಿಳಿನಲ್ಲಿ ಆ ಒಂದೇ ಮಾತಿಗೆ ಎರಡು ಅರ್ಥವಂತೆ. ಮೈದಾನದಲ್ಲಿ ಮಾಡಿದರೆ ಡ್ರಿಲ್ಲು, ತೋಟದಲ್ಲಿ ಮಾಡಿದರೆ ಸವರುವುದು! ಬಳ್ಳಿಯ ಕೊಂಬೆಗಳನ್ನು ಚಿಗುರೊಡೆಯುವ ಎರಡು ಕಣ್ಣು ಉಳಿಸಿ ಕತ್ತರಿಸಿಹಾಕಿದರೆ ಮಾತ್ರ ಹೊಸ ಚಿಗುರು ಬಂದು ಅದರಲ್ಲಿ ಕಾಯಿ ಕಚ್ಚುತ್ತದಂತೆ. ಹಾಗಾದರೆ ಒಂದು ವರ್ಷ ನಮ್ಮ ಜೊತೆ ನಡೆದೆಯಲ್ಲ, ಯಾಕೆ ಹೇಳಲಿಲ್ಲ ಎಂದು ಸೆಲ್ವಂನನ್ನು ಹಿಡಿದು ಕೇಳಿದೆ.

"ನಮ್ ಶುಗರ್‌ಗೆ ಅಂತ ನಡಿಸ್ತಾವ್ರೆ ಅನ್ಕೊಂಡೆ ಕಣಪ್ಪ. ನಂಗೆ ಕಡಿಮೇನೂ ಆಯ್ತು."

ಮುನಿರಾಜು ಹೇಳಿದ, "ನಾನು ಹಂದಿ ಓಡ್ಸಕ್ಕೆ ಅನ್ಕೊಂಡಿದ್ದೆ."

ನಾಲ್ಕು ಜನ, ಮೂರು ಅರ್ಥ, ಒಂದು ವರ್ಷದ ಲೆಫ್ಟ್ ರೈಟ್! ಒಬ್ಬನಾದರೂ ಬಾಯಿಬಿಟ್ಟು ಕೇಳಿದ್ದರೆ ಆಗುತ್ತಿತ್ತು. ಕೇಳದೆ ಇರುವುದಕ್ಕೇ ಸ್ನೇಹ ಅನ್ನುತ್ತಾರೋ ಏನೋ.

ಸುದ್ದಿ ಡೆಂಕಣಿಕೋಟೆ ಬಸ್ ಸ್ಟ್ಯಾಂಡಿಗೆ ನಮಗಿಂತ ಮೊದಲೇ ತಲುಪಿತ್ತು. ಟೀ ಅಂಗಡಿಯವನು ಭಾವನನ್ನು ಕಂಡು, "ಏನ್ ಮೇಷ್ಟ್ರೇ, ಎಟುಕದ ದ್ರಾಕ್ಷಿ ಹುಳಿ ಅಂತಾರೆ. ನಿಮ್ದು ಎಟುಕಿದ್ರೂ ಹುಳೀನಂತೆ!" ಅಂದ. ಬೇರೆಯವರಾಗಿದ್ದರೆ ಆ ಅಂಗಡಿ ಕಡೆ ತಲೆ ಹಾಕುತ್ತಿರಲಿಲ್ಲ. ಭಾವ ಟೀ ಕುಡಿದು ಗ್ಲಾಸು ಕೆಳಗಿಟ್ಟು, "ಎರಡು ಕೆಲ್ಸಕ್ಕೆ ಒಂದೇ ಹೆಸರಿಟ್ರೆ ಅದು ಭಾಷೆ ತಪ್ಪು, ನಂದಲ್ಲ. ಎಟುಕೋ ಕಾಲ ಬತ್ತದೆ, ಇರಪ್ಪ" ಎಂದು ಎದ್ದು ಬಂದರು.

ಇಲ್ಲಿಯವರೆಗೆ ನಗುವುದು ಸುಲಭವಾಗಿತ್ತು. ಕಷ್ಟ ಆಮೇಲೆ ಶುರುವಾಯಿತು. ಕವಾತ್ತಿನ ಅರ್ಥ ತಿಳಿದ ಮೇಲೆ ಭಾವ ಕತ್ತರಿ ಮುಟ್ಟಲೇ ಇಲ್ಲ! ಇವತ್ತು ಅಮಾವಾಸ್ಯೆ, ನಾಳೆ ಮೋಡ, ನಾಡಿದ್ದು ಬೆನ್ನು ನೋವು. ನಾವೇ ಕತ್ತರಿಸುತ್ತೇವೆ ಅಂದರೆ ಸಾಲಿಗೆ ಅಡ್ಡ ನಿಂತರು. "ಇಷ್ಟು ಚೆನ್ನಾಗಿ ಬೆಳೆದು ನಿಂತಿರೋವನ್ನ ಹೆಂಗ್ಲಾ ಕತ್ತರಿಸಾದು? ಯಾವ್ದನ್ನ ಬಿಡ್ತೀಯ, ಯಾವ್ದನ್ನ ಇಟ್ಕೊಂತೀಯ?"

ಅವರ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದಲ್ಲ. ತಾಲ್ಲೂಕು ಕ್ರೀಡಾಕೂಟಕ್ಕೆ ಖೋ-ಖೋ ತಂಡ ಆರಿಸಬೇಕಾಗಿ ಬಂದಾಗ ಭಾವ ಮೈದಾನಕ್ಕೆ ಬಂದ ಒಂದು ಮಗುವಿಗೂ "ನೀನು ಬೇಡ" ಎಂದು ಹೇಳಲಾರದೆ ಅಷ್ಟೂ ಮಕ್ಕಳನ್ನು ಬಸ್ಸಿಗೆ ತುಂಬಿಕೊಂಡು ಹೋಗಿದ್ದರು. ಅಲ್ಲಿಯವರು, ನಿಮ್ಮ ತಂಡ ಯಾವುದು ಸಾರ್ ಎಂದರೆ, ಬಸ್ಸು ತೋರಿಸಿ "ಇದೇ" ಎಂದರು. ಸೋತು ಹಾಡು ಹೇಳಿಕೊಂಡು ವಾಪಸು ಬಂದರು. ಹೆಡ್‌ಮೇಷ್ಟ್ರು ಬೈದರೆ, "ಸೋತ್ರೇನು ಸಾರ್, ಯಾವ ಮಗೂನೂ ಮನೇಲಿ ಅಳ್ತಾ ಕೂತಿಲ್ವಲ್ಲ" ಎಂದರಂತೆ. ಮಕ್ಕಳ ವಿಷಯಕ್ಕೆ ಅದು ದೊಡ್ಡ ಮಾತು. ದ್ರಾಕ್ಷಿಯ ವಿಷಯಕ್ಕೆ ಅದು ಶುದ್ಧ ನಷ್ಟ.

ಕತ್ತರಿಸುವ ಹದ ಮೀರಿ ಹೋಗುತ್ತಿತ್ತು. ಇನ್ನೊಂದು ವರ್ಷ ಎಲೆ ನೋಡಿಕೊಂಡು ಕೂರುವುದಾದರೆ ತೋಟ ಯಾಕೆ? ಒಂದು ದಿನ ನಾವು ಮೂವರು ಅದೇ ಟೀ ಅಂಗಡಿಯಲ್ಲಿ ಸೇರಿದೆವು. ಭಾವನನ್ನು ಕರೆದಿರಲಿಲ್ಲ. ಮುನಿರಾಜು ಗ್ಲಾಸು ತಿರುಗಿಸುತ್ತ ಹೇಳಿದ.

"ಬೇಜಾರ್ ಮಾಡ್ಕಬ್ಯಾಡ್ರಪ್ಪ. ಮೇಷ್ಟ್ರನ್ನ ತ್ವಾಟದಿಂದ ಬಿಟ್ಬುಡಾಣ. ಅವ್ರ ಪಾಲು ಅವ್ರಿಗೆ ಇರ್ಲಿ, ಅದನ್ನ ಯಾರೂ ಮುಟ್ಟಲ್ಲ. ಆದ್ರೆ ಗಿಡದ ಹತ್ರ ಬರಾದು ಬ್ಯಾಡ. ಕಟಿಂಗ್ ಗೊತ್ತಿರೋ ಆಳನ್ನ ಕರ್ಸಾಣ. ಇಲ್ದಿದ್ರೆ ಎಲ್ಲಾ ಕಿತ್ತು ಟೊಮೇಟೊ ಹಾಕಾಣ."

ಸೆಲ್ವಂ ಬೇಡ ಎನ್ನದೆ ಇನ್ನೊಂದು ಟೀ ಹೇಳಿದ. ನನಗೂ ಅದು ಸರಿಯೆಂದೇ ತೋರಿತು, ತೋರಿದ್ದಕ್ಕೆ ನಾಚಿಕೆಯೂ ಆಯಿತು. ಹೇಳುವವರು ಯಾರು? ಇಬ್ಬರೂ ನನ್ನ ಮುಖ ನೋಡಿದರು. ಲೆಕ್ಕಕ್ಕಿಲ್ಲದ ಭಾಮೈದ ಇಂಥ ಕೆಲಸಕ್ಕೆ ಮಾತ್ರ ಎಲ್ಲರಿಗೂ ನೆನಪಾಗುತ್ತಾನೆ!

ಮರುದಿನ ಬೆಳಿಗ್ಗೆ ಅಕ್ಕ ಕೊಟ್ಟ ಬುತ್ತಿ ಹಿಡಿದು ಬಸ್ ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. "ಭಾವ, ನಿಮಗೂ ವಯಸ್ಸಾಯ್ತು" ಎಂದು ಶುರು ಮಾಡೋಣವೆಂದರೆ ನನಗಿಂತ ಅವರೇ ಚುರುಕಾಗಿ ನಡೆಯುತ್ತಾರೆ. "ಬಿಸಿಲಲ್ಲಿ ಯಾಕೆ ಕಷ್ಟಪಡ್ತೀರಿ" ಅನ್ನೋಣವೆಂದರೆ ಅವರು ಬಿಸಿಲಲ್ಲೇ ಕೂದಲು ಹಣ್ಣಾಗಿಸಿಕೊಂಡವರು. ಯಾವ ಮಾತೂ ಹೊಂದಲಿಲ್ಲ. ಬಸ್ ಇಳಿದು ಹತ್ತಿ ಹೋದರೆ, ಭಾವ ಮೊದಲನೆಯ ಸಾಲಿನ ಮುಂದೆ ನಿಂತಿದ್ದರು. ಕೈಯಲ್ಲಿ ಕತ್ತರಿ ಇತ್ತು. ಕತ್ತರಿ ಬಾಯಿ ತೆರೆದಿತ್ತು, ಕೊಂಬೆಗೆ ತಾಗಿರಲಿಲ್ಲ.

"ಬಂದ್ಯಾ" ಎಂದರು, ತಿರುಗದೆ.

"ಹ್ಞೂ ಭಾವ. ಒಂದ್ ಮಾತಿತ್ತು."

"ಹೇಳು."

ನಾನು ಆ ತೆರೆದ ಕತ್ತರಿ ನೋಡಿದೆ. "ಏನಿಲ್ಲ. ಅಕ್ಕ ಮುದ್ದೆ, ಸೊಪ್ಪಿನ ಸಾರು ಕಳ್ಸವ್ಳೆ."

"ಅಷ್ಟೇನಾ?"

"ಅಷ್ಟೇ."

ಅವರು ತಿರುಗಿ ನನ್ನನ್ನು ಒಂದು ಗಳಿಗೆ ನೋಡಿದರು. ಮತ್ತೆ ಬಳ್ಳಿಯ ಕಡೆ ತಿರುಗಿ, ಕಣ್ಣು ಮುಚ್ಚಿ, ಕಚಕ್ಕನೆ ಒಂದು ಕೊಂಬೆ ಕತ್ತರಿಸಿದರು. ಅದು ನೆಲಕ್ಕೆ ಬೀಳುವ ಮೊದಲೇ ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. "ಕಣ್ ಬಿಟ್ಕೊಂಡು ಕತ್ತರಿಸಿ ಭಾವ, ಬೆರಳು ಹೋದಾತು!" ಅಂದೆ. "ಹಂಗಾದ್ರೆ ನೀನು ಕಣ್ಣು ಎಣಿಸು, ನಾನು ಕತ್ತರಿಸ್ತೀನಿ" ಅಂದರು. ಹೀಗೆ ನಾನು ಕೊಂಬೆಯ ಮೇಲಿನ ಕಣ್ಣು ಎಣಿಸಿ ಬೆರಳಿಡುವುದು, ಅವರು ಅದರಾಚೆ ಕತ್ತರಿಸುವುದು. ನಡುನಡುವೆ "ತಪ್ ತಿಳ್ಕಬ್ಯಾಡ" ಎಂದು ಹೇಳುತ್ತಿದ್ದರು, ನನಗಲ್ಲ, ಬಳ್ಳಿಗೆ. ನನ್ನಿಂದ ಫೋನ್ ಬರಲಿಲ್ಲವೆಂದು ಮಧ್ಯಾಹ್ನದ ಹೊತ್ತಿಗೆ ಮುನಿರಾಜು, ಸೆಲ್ವಂ ಇಬ್ಬರೂ ಹತ್ತಿ ಬಂದರು. ಬಂದವರು ನೋಡಿದರು. ಮುನಿರಾಜು ಇನ್ನೊಂದು ಕತ್ತರಿ ತೆಗೆದುಕೊಂಡು ಎರಡನೆಯ ಸಾಲಿಗೆ ಹೋದ. ಸೆಲ್ವಂ ಬಿದ್ದ ಕೊಂಬೆಗಳನ್ನು ಎಳೆದು ಗುಡ್ಡೆ ಹಾಕತೊಡಗಿದ.

ಮೂರು ನಾಲ್ಕು ದಿನದಲ್ಲಿ ನಮ್ಮ ಹಸಿರು ತೋಟ ಒಣ ಕಡ್ಡಿಗಳ ಸಾಲಾಗಿ ನಿಂತಿತು. ಅಷ್ಟಕ್ಕೇ ಮುಗಿಯಲಿಲ್ಲ. ಕತ್ತರಿಸಿದ ತುದಿಗಳಿಂದ ಹನಿ ಹನಿಯಾಗಿ ನೀರು ಸುರಿಯತೊಡಗಿತು. ಭಾವ ಹೌಹಾರಿದರು. "ಅಳ್ತಾವೆ ಕಣ್ರೋ! ಎಲ್ಲಾವೂ ಅಳ್ತಾವೆ!" ಹೆಗಲ ಮೇಲಿನ ಟವೆಲ್ ತೆಗೆದು ಒಂದೊಂದೇ ತುದಿ ಒರೆಸುತ್ತ ಹೊರಟರು. ಅಧಿಕಾರಿಗೆ ಫೋನ್ ಮಾಡಿದೆವು. ಬೇರು ಚೆನ್ನಾಗಿದ್ದರೆ ಹಾಗೆ ಸುರಿಯುತ್ತದೆ, ಹೆದರಬೇಡಿ, ಒಳ್ಳೆಯ ಲಕ್ಷಣ ಎಂದರು. ಭಾವನಿಗೆ ಹೇಳಿದರೆ, "ಲಕ್ಷಣ ಇರ್ಬೋದು. ಒರೆಸೋರು ಒಬ್ರು ಬೇಕಲ್ಲ" ಎಂದು ಮುಂದಿನ ಬಳ್ಳಿಗೆ ಹೋದರು. ಆ ದಿನ ಯಾರೂ ನಗಲಿಲ್ಲ.

ಆಮೇಲಿನದ್ದನ್ನು ಹೇಳಲು ನನಗೆ ಎಷ್ಟು ಬಾಯಿ ಇದ್ದರೂ ಸಾಲದು. ಆ ಕಡ್ಡಿಗಳಲ್ಲಿ ಕಣ್ಣೊಡೆಯಿತು, ಚಿಗುರು ಬಂತು, ಚಿಗುರಿನ ಜೊತೆಗೇ ಸಾಸಿವೆಯಂಥ ಹೂಗೊಂಚಲು ಬಂತು. ತಿಂಗಳುಗಳು ಕಳೆದು ಬಣ್ಣ ತಿರುಗಿತು. ನೀಲಿ ದ್ರಾಕ್ಷಿ, ಮೇಲೆ ಬೂದಿ ಉದುರಿಸಿದಂಥ ಹೊಳಪು, ಕೈಯಲ್ಲಿ ಹಿಡಿದರೆ ಭಾರ. ಆ ನೆಟ್ಟಗಿನ ಸಾಲುಗಳಲ್ಲಿ, ಈ ತುದಿಯಿಂದ ಆ ತುದಿಗೆ, ಒಂದೂ ಬಳ್ಳಿ ತಪ್ಪದೆ! ಹೊಸೂರಿನ ಹಣ್ಣಿನ ವ್ಯಾಪಾರಿ ಬಂದು ಎರಡು ಹಣ್ಣು ಬಾಯಿಗೆ ಹಾಕಿಕೊಂಡು, ಇಂಥ ಬೆಟ್ಟದ ಮೇಲೆ ಇಂಥ ಹಣ್ಣೇ ಎಂದು ಕೇಳಿದ. ಸಾಲುಗಳ ನಡುವೆ ಓಡಾಡಿ, ಪ್ರತಿ ಬಳ್ಳಿಯನ್ನೂ ಯಾರೋ ದಿನಾ ಮುಟ್ಟಿ ನೋಡಿದ ಹಾಗಿದೆಯಲ್ಲ ಅಂದ. ಮುನಿರಾಜು ಎದೆಯ ಮೇಲೆ ಕೈಯಿಟ್ಟುಕೊಂಡು, "ನಮ್ ಮೇಷ್ಟ್ರು ಬೆಳೆಸಿದ್ದು" ಅಂದ. ಟೊಮೇಟೊ ಹಾಕಾಣ ಅಂದಿದ್ದವನೇ! ನನಗೂ ನಮ್ಮ ನಾಲ್ವರ ಮೇಲೆ ಅವತ್ತು ಬಂದಷ್ಟು ಹೆಮ್ಮೆ ಯಾವತ್ತೂ ಬಂದಿರಲಿಲ್ಲ. ಡೆಂಕಣಿಕೋಟೆಯಲ್ಲಿ ಈಗಲೂ ನಮ್ಮದಕ್ಕೆ ಕವಾಯತು ತೋಟ ಎಂದೇ ಹೆಸರು. ಬೋರ್ಡ್ ಬರೆಸುವಾಗ ನಾವೇ ಆ ಹೆಸರು ಬರೆಸಿದೆವು.

ಮೊದಲ ಕೊಯ್ಲಿನ ಗಾಡಿ ಹೋದ ಮೇಲೆ ಸೆಲ್ವಂ, ಮುನಿರಾಜು ಅದರ ಜೊತೆಗೇ ಇಳಿದು ಹೋದರು. ನಾನು, ಭಾವ ಬಂಡೆಯ ಮೇಲೆ ಕೂತೆವು. ಅವರು ತಮಗೆಂದು ಇಟ್ಟುಕೊಂಡಿದ್ದ ಒಂದು ಗೊಂಚಲನ್ನು ತೆಗೆದು ಅರ್ಧ ಮುರಿದು ನನ್ನ ಕೈಗಿಟ್ಟರು.

"ಅವತ್ತು ನೀನು ಏನ್ ಹೇಳಕ್ಕೆ ಬಂದಿದ್ದೆ ಅಂತ ನಂಗೊತ್ತು ಕಣ್ಲಾ" ಅಂದರು.

"ಯಾವತ್ತು ಭಾವ?"

"ಕತ್ತರಿ ಹಿಡಿದ ದಿನ. ಡೆಂಕಣಿಕೋಟೆ ಟೀ ಅಂಗ್ಡೀಲಿ ಆಡಿದ ಮಾತು ಬೆಟ್ಟಕ್ಕೆ ಬರಕ್ಕೆ ಬಸ್ ಕಾಯ್ಬೇಕಾ? ಹಿಂದಿನ ದಿನಾನೇ ಬಂತು." ಅವರು ಕೆಳಗೆ ರಸ್ತೆಯ ಕಡೆ ನೋಡುತ್ತಿದ್ದರು. "ನೀವು ಹೇಳಿದ್ದು ತಪ್ಪಲ್ಲ. ನೀನು ಬಾಯಿಬಿಟ್ಟು ಹೇಳಿದ್ರೆ ಕತ್ರಿ ನಿನ್ ಕೈಗೆ ಕೊಟ್ಟು ಸುಮ್ನೆ ಇಳಿದು ಹೋಗ್ಬುಡಾಣ ಅಂತ ನಿಂತಿದ್ದೆ. ಎರಡು ಸಲ ಕೇಳ್ದೆ. ನೀನು, ಅಕ್ಕ ಮುದ್ದೆ ಕಳ್ಸವ್ಳೆ ಅಂದೆ."

ಆಮೇಲೆ ನನ್ನ ಬೆನ್ನ ಮೇಲೆ ಕೈಯಿಟ್ಟರು.

"ನಿಮ್ ಕೈಲಿ ನನ್ನ ಬಿಡಕ್ಕೆ ಆಗ್ಲಿಲ್ವಲ್ಲ. ಅದಕ್ಕೇ ಕಣ್ಲಾ, ನಂಗೆ ಕತ್ತರಿಸಕ್ಕೆ ಧೈರ್ಯ ಬಂತು."

ನನಗೆ ಅಳು ಬಂದುಬಿಟ್ಟಿತು. ತಲೆ ತಗ್ಗಿಸಿ ಕೈಯಲ್ಲಿದ್ದ ಹಣ್ಣುಗಳನ್ನು ಒಂದೊಂದಾಗಿ ಬಾಯಿಗೆ ಹಾಕಿಕೊಂಡೆ. ನಮ್ಮ ತೋಟದ ಮೊದಲ ಕೊಯ್ಲಿನ ಹಣ್ಣಿನ ರುಚಿ ಹೇಗಿತ್ತು ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ.